ಆರ್-12ರಿಂದ ಆರ್-134ಎಗೆ: ಕುಗ್ಗಿದ ತಂಪನ್ನು ಮರಳಿ ತರಲು ಮಾಡಿ ನೋಡಿದ ಉಪಾಯಗಳು

ಓಡುತ್ತಿರುವಾಗ ಒಂದಿಷ್ಟು ತಣ್ಣನೆಯ ಗಾಳಿ, ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಬೆಚ್ಚನೆಯ ಗಾಳಿ. ಹಳೆಯ ಕಾರಿನ ಎಸಿಯಲ್ಲಿದ್ದ ಆರ್-12 ಗ್ಯಾಸ್ ತೆಗೆಸಿ ಆರ್-134ಎ ಹಾಕಿಸಿದ ಮೇಲೆ ನನ್ನ ಪಾಲಿಗೆ ಬಂದದ್ದು ಇದು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಒಂದು ಮಾತೂ ಆಡದೆ ಕಿಟಕಿಯ ಗಾಜು ಇಳಿಸಿಕೊಂಡಳು. ಬಿಸಿಲಿನಲ್ಲಿ ಅವಳಿಗೆ ತಲೆ ಸುತ್ತುತ್ತದೆ. ಅವಳಿಗಾಗಿಯೇ ಎಸಿ ಸರಿಮಾಡಿಸಲು ಹೊರಟವನಿಗೆ ಆ ಗಾಜು ಇಳಿದ ಸದ್ದು ಬಹಳ ಚುಚ್ಚಿತು. ಆ ಬೇಸಿಗೆಯಿಡೀ ಒಂದೊಂದೇ ಉಪಾಯ ಹೂಡುತ್ತಾ, ಪ್ರತಿ ಬಾರಿಯೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅವನ್ನೇ ಇಲ್ಲಿ ಎದುರುಬದುರು ಇಡುತ್ತಿದ್ದೇನೆ.

ಗ್ಯಾಸ್ ಬದಲಾಯಿಸದೆ ಬೇರೆ ದಾರಿ ಇರಲಿಲ್ಲ. ಓಝೋನ್ ಪದರವನ್ನು ಸವೆಸುವ ಆರ್-12ರ ತಯಾರಿಕೆಯನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 1995ರ ಕೊನೆಗೆ, ಅಭಿವೃದ್ಧಿಶೀಲ ದೇಶಗಳು 2010ರ ಹೊತ್ತಿಗೆ ಕೈಬಿಟ್ಟವು. ನನ್ನ ಕಾರಿನ ಬಾನೆಟ್ ಒಳಗಿನ ಚೀಟಿಯಲ್ಲಿ ಮಾತ್ರ ಇನ್ನೂ ‘ಆರ್-12, 900 ಗ್ರಾಂ’ ಎಂದೇ ಇತ್ತು. ಗ್ಯಾಸ್ ಬದಲಾಯಿಸಿದ ಮೆಕ್ಯಾನಿಕ್ ಹಳೆಯ ಮಿನರಲ್ ಆಯಿಲ್ ಬಸಿದು ಎಸ್ಟರ್ ಆಯಿಲ್ ಹಾಕಿದ್ದರು, ತೇವ ಹೀರುವ ಡಬ್ಬಿಯನ್ನೂ ಹೊಸದು ಮಾಡಿದ್ದರು. ಎರಡೂ ಸರಿಯಾದ ಕೆಲಸಗಳೇ. ಮಿನರಲ್ ಆಯಿಲ್ ಆರ್-134ಎಯಲ್ಲಿ ಬೆರೆಯುವುದಿಲ್ಲ. ಅದು ಎಲ್ಲೋ ಒಂದು ಮೂಲೆಯಲ್ಲಿ ಉಳಿದುಬಿಟ್ಟರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಒಣಗಿ ಹಾಳಾಗುತ್ತದೆ. ತಪ್ಪು ನಡೆದದ್ದು ಬೇರೆ ಕಡೆ, ಅದು ಮುಂದೆ ತಿಳಿಯಿತು.

ಅಳತೆಯ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ‘ಪರವಾಗಿಲ್ಲ, ಈಗ ತಣ್ಣಗಿದೆ’ ಎಂಬ ಅಂದಾಜು ಸಂಜೆಯ ತಂಗಾಳಿಯಲ್ಲಿ ಯಾರನ್ನಾದರೂ ಮೋಸಗೊಳಿಸುತ್ತದೆ. ಹೊರಗೆ 33ರಿಂದ 35 ಡಿಗ್ರಿ ಇರುವ ಮಧ್ಯಾಹ್ನಗಳನ್ನೇ ಆರಿಸಿಕೊಂಡೆ. ಗಾಜುಗಳೆಲ್ಲ ಮೇಲೆ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ, ಡ್ಯಾಶ್‌ಬೋರ್ಡಿನ ನಡುವಿನ ಕಿಂಡಿಯೊಳಗೆ ಥರ್ಮಾಮೀಟರಿನ ಕಡ್ಡಿ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ಒಂದು ಅಳತೆ, ಒಂದೇ ರಸ್ತೆಯಲ್ಲಿ ಹದಿನೈದು ನಿಮಿಷ ಓಡಿಸಿ ಇನ್ನೊಂದು. ಹೀಟರಿಗೆ ಹೋಗುವ ನೀರಿನ ಹೋಸನ್ನು ಕ್ಲ್ಯಾಂಪಿನಿಂದ ಬಿಗಿದೂ ನೋಡಿದೆ. ವಾಲ್ವ್ ಸೋರಿ ಬಿಸಿನೀರು ಒಳನುಗ್ಗುತ್ತಿದ್ದರೆ ಎಂಥ ಗ್ಯಾಸ್ ತುಂಬಿದರೂ ವ್ಯರ್ಥ. ನನ್ನ ಕಾರಿನಲ್ಲಿ ಆ ದೋಷ ಇರಲಿಲ್ಲ. ಶುರುವಿನ ಲೆಕ್ಕ ಹೀಗಿತ್ತು: ನಿಂತಾಗ 19 ಡಿಗ್ರಿ, ಓಡುವಾಗ 13. ನಿಂತಾಗ ಒತ್ತಡದ ಗೇಜ್‌ನಲ್ಲಿ ಹೈ ಸೈಡ್, ಅಂದರೆ ಕಂಪ್ರೆಸರ್ ಒತ್ತಿ ಕಳಿಸುವ ಬಿಸಿ ಕಡೆ, 290 ಪಿಎಸ್‌ಐ (ಒತ್ತಡದ ಅಳತೆ); ಲೋ ಸೈಡ್, ಅಂದರೆ ಅದು ಎಳೆದುಕೊಳ್ಳುವ ತಣ್ಣನೆಯ ಕಡೆ, 50.

ಮೊದಲ ಉಪಾಯ ಎಲ್ಲರೂ ಹೇಳುವಂಥದ್ದು. "ಸಾರ್, ಗ್ಯಾಸ್ ಕಡಿಮೆಯಾಗಿದೆ, ಇನ್ನೊಂದಿಷ್ಟು ಹಾಕಿದರೆ ಸರಿಹೋಗುತ್ತದೆ" ಎಂದರು ಮೆಕ್ಯಾನಿಕ್. ನೂರು ಗ್ರಾಂ ಹಾಕಿದರು. ನಿಂತಾಗಿನ ಗಾಳಿ 19ರಿಂದ 21 ಡಿಗ್ರಿಗೆ ಏರಿತು, ಹೈ ಸೈಡ್ 330 ಮುಟ್ಟಿತು, ಕಂಪ್ರೆಸರ್ ಹಿಡಿದ ಕೂಡಲೇ ಎಂಜಿನ್ ಬಗ್ಗಿದಂತೆ ಸದ್ದು ಮಾಡಿತು. ತಂಪು ಕಡಿಮೆ ಎಂದರೆ ಗ್ಯಾಸ್ ಕಡಿಮೆ ಎಂಬ ನಂಬಿಕೆ ಎಷ್ಟು ಆಳವಾಗಿದೆಯೋ ಅಷ್ಟೇ ಹಾನಿಕರ. ಗ್ಯಾಸ್ ಹೆಚ್ಚಾದಾಗ ದ್ರವವಾದ ಭಾಗ, ಗ್ಯಾಸಿನ ಬಿಸಿಯನ್ನು ಹೊರಗೆ ಹಾಕುವ ಕಂಡೆನ್ಸರಿನ ಕೆಳಗಿನ ಕೊಳವೆಗಳಲ್ಲಿ ತುಂಬಿ ನಿಲ್ಲುತ್ತದೆ. ಬಿಸಿ ಕಕ್ಕಬೇಕಾದ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ, ತಂಪು ಇನ್ನಷ್ಟು ಕುಗ್ಗುತ್ತದೆ. ಹೈ ಸೈಡ್ ಏರಿ ಲೋ ಸೈಡೂ ಏರಿದ್ದರೆ ದಯವಿಟ್ಟು ಇನ್ನೊಂದು ಗ್ರಾಂ ಕೂಡ ಹಾಕಿಸಬೇಡಿ.

ಎರಡನೆಯದು ತೂಕದ ದಾರಿ. ಯಂತ್ರ ಇರುವ ಕಡೆ ಹೋಗಿ ಒಳಗಿದ್ದ ಗ್ಯಾಸನ್ನೆಲ್ಲ ಎಳೆಸಿ ತೂಗಿಸಿದೆ. 1,000 ಗ್ರಾಂ ಬಂತು. ನೂರು ಗ್ರಾಂ ಆಮೇಲೆ ಸೇರಿಸಿದ್ದು. ಅಂದರೆ ಮೊದಲ ದಿನವೇ ಚೀಟಿಯಲ್ಲಿದ್ದ 900 ಗ್ರಾಮನ್ನು ಹಾಗೆಯೇ ಹೊಸ ಗ್ಯಾಸಿಗೂ ಅನ್ವಯಿಸಿದ್ದರು. ಇಲ್ಲಿಯೇ ಎಡವಟ್ಟಾಗಿತ್ತು. 25 ಡಿಗ್ರಿಯಲ್ಲಿ ಒಂದು ಲೀಟರ್ ದ್ರವ ಆರ್-12 ಸುಮಾರು 1.31 ಕಿಲೋ ತೂಗಿದರೆ ಆರ್-134ಎ 1.21 ಕಿಲೋ ತೂಗುತ್ತದೆ. ಅದೇ ಜಾಗಕ್ಕೆ ಕಡಿಮೆ ತೂಕ ಸಾಕು. ಹಳೆಯ ತೂಕದ ನೂರಕ್ಕೆ 75-80 ಭಾಗದಿಂದ ಶುರುಮಾಡಿ, 90ನ್ನು ಮೀರದಂತೆ ನಿಲ್ಲಿಸುವುದು ಈ ಬದಲಾವಣೆಯ ರೂಢಿಯ ಲೆಕ್ಕ. ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆಸಿ (ಒಳಗಿನ ಗಾಳಿ, ತೇವ ಎಲ್ಲ ಹೊರತೆಗೆಸಿ), 700 ಗ್ರಾಂನಿಂದ ಆರಂಭಿಸಿ, ಇಪ್ಪತ್ತಿಪ್ಪತ್ತು ಗ್ರಾಂ ಸೇರಿಸುತ್ತಾ ಥರ್ಮಾಮೀಟರನ್ನೇ ನೋಡುತ್ತಾ ಕುಳಿತೆ. 760ಕ್ಕೆ ಅಂಕಿ ಇಳಿಯುವುದು ನಿಂತಿತು. ನಿಂತಾಗ 16, ಓಡುವಾಗ 10. ಹೈ ಸೈಡ್ 250.

ಎಂಜಿನ್ ನಿಂತಿರುವಾಗ ಗೇಜ್ ನೋಡಿ ಗ್ಯಾಸ್ ಎಷ್ಟಿದೆ ಎಂದು ಹೇಳುವವರನ್ನು ನಂಬಬೇಡಿ. ಒಳಗೆ ಒಂದು ಲೋಟ ದ್ರವ ಇರಲಿ, ಎರಡು ಲೋಟ ಇರಲಿ, 30 ಡಿಗ್ರಿಯಲ್ಲಿ ತಣ್ಣಗೆ ನಿಂತ ಆರ್-134ಎ ಸುಮಾರು 97 ಪಿಎಸ್‌ಐಯನ್ನೇ ತೋರಿಸುತ್ತದೆ, 25ರಲ್ಲಿ 82. ಆ ಅಂಕಿ ಬೇರೆ ಒಂದು ಕೆಲಸಕ್ಕೆ ಬರುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಗೇಜ್ ಇದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ತೋರಿಸಿದರೆ ಒಳಗೆ ಗಾಳಿಯೋ ಬೇರೆ ಗ್ಯಾಸೋ ಬೆರೆತಿದೆ ಎಂದರ್ಥ. ವ್ಯಾಕ್ಯೂಮ್ ಅರೆಬರೆ ಮಾಡಿದ ಕಡೆ ಇದು ಸಾಮಾನ್ಯ.

16 ಡಿಗ್ರಿ ಎಂದರೆ ಅಮ್ಮ ಗಾಜು ಇಳಿಸುವುದಿಲ್ಲ, ಆದರೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾಳೆ. ಮುಂದಿನ ಹೆಜ್ಜೆ ಯಾವ ಕಡೆಗೆ ಇಡಬೇಕು ಎಂಬುದನ್ನು ಒಂದು ಚೆಂಬು ನೀರು ತೋರಿಸಿಕೊಟ್ಟಿತು. ಎಂಜಿನ್ ನಿಂತಲ್ಲೇ ಓಡುತ್ತಿರಲು ಬಿಟ್ಟು, ಗಿಡಕ್ಕೆ ಚಿಮುಕಿಸುವ ಬಾಟಲಿಯಿಂದ ಕಂಡೆನ್ಸರಿನ ಮುಖಕ್ಕೆ ಸಣ್ಣಗೆ ನೀರು ಸಿಂಪಡಿಸಿದೆ. ಮೊದಲ ಹನಿಗಳು ಚುಂಯ್ ಎಂದು ಆರಿ ತೆಳ್ಳನೆಯ ಹಬೆಯಾದವು. ರೆಕ್ಕೆಗಳ ನಡುವೆ ಸಿಕ್ಕಿದ್ದ ಧೂಳು ಕಂದು ನೀರಾಗಿ ಬಂಪರಿನ ಮೇಲೆ ಇಳಿಯಿತು. ಗೇಜಿನ ಮುಳ್ಳು 250ರಿಂದ ಮೆಲ್ಲಗೆ ಹಿಂದೆ ಸರಿದು 190ರ ಬಳಿ ನಿಂತಿತು. ಒಳಗೆ ಥರ್ಮಾಮೀಟರ್ 16, 15, 13... ಮೂರು ನಿಮಿಷದಲ್ಲಿ 10. ನೀರು ನಿಲ್ಲಿಸಿದೆ, ಐದು ನಿಮಿಷದಲ್ಲಿ ಮತ್ತೆ 16. ಕಂಪ್ರೆಸರ್, ಒಳಗಿನ ಗಾಳಿಯನ್ನು ತಣ್ಣಗಾಗಿಸುವ ಕೂಲಿಂಗ್ ಕಾಯಿಲ್, ಅದಕ್ಕೆ ಗ್ಯಾಸನ್ನು ಸಣ್ಣ ತೂತಿನಿಂದ ಬಿಡುವ ಆರಿಫೈಸ್ ಟ್ಯೂಬ್ ಎಲ್ಲವೂ ತಮ್ಮ ಕೆಲಸ ಮಾಡಬಲ್ಲವು, ಬಿಸಿಯನ್ನು ಹೊರಗೆ ಹಾಕುವ ಕಂಡೆನ್ಸರ್ ಮಾತ್ರ ಸೋಲುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಯಾವ ಭಾಗವನ್ನೂ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ. ನೀರು ಹಾಕಿದರೂ ಒಳಗಿನ ಗಾಳಿ ಬದಲಾಗದಿದ್ದರೆ ಕಂಡೆನ್ಸರಿಗೆ ಕೈ ಹಾಕುವುದು ಬೇಡ, ತೊಂದರೆ ಬೇರೆ ಕಡೆ ಇದೆ.

ಗ್ಯಾಸ್ ಬದಲಾದದ್ದಕ್ಕೆ ಕಂಡೆನ್ಸರ್ ಯಾಕೆ ಸೋಲಬೇಕು? ಎರಡು ಗ್ಯಾಸುಗಳ ಒತ್ತಡದ ಪಟ್ಟಿಯನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ. ಸೊನ್ನೆ ಡಿಗ್ರಿಯಲ್ಲಿ ಆರ್-12ಕ್ಕೆ 30 ಪಿಎಸ್‌ಐ, ಆರ್-134ಎಗೆ 28. ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಸಮ. ಅರವತ್ತಕ್ಕೆ ಬಂದಾಗ ಆರ್-12ಕ್ಕೆ ಸುಮಾರು 206, ಆರ್-134ಎಗೆ 229. ತಣ್ಣನೆಯ ಕಡೆ ಒತ್ತಡ ಸ್ವಲ್ಪ ಕಡಿಮೆ, ಬಿಸಿ ಕಡೆ ಚೆನ್ನಾಗಿ ಹೆಚ್ಚು. ಕಂಪ್ರೆಸರ್ ಎರಡೂ ತುದಿಗಳಲ್ಲಿ ಹೆಚ್ಚು ದುಡಿಯಬೇಕು. ಒಂದೇ ಕೊಳವೆ ಹಾವಿನಂತೆ ಸುತ್ತಿಕೊಂಡಿರುವ ಹಳೆಯ ಮಾದರಿಯ ಕಂಡೆನ್ಸರ್ ಆರ್-12ಕ್ಕೆ ಸರಿಹೋಗಿತ್ತು. ನಿಂತ ಕಾರಿನ ಬಡ ಗಾಳಿಯಲ್ಲಿ ಈ ಹೆಚ್ಚುವರಿ ಹೊರೆಯನ್ನು ಹೊರುವಷ್ಟು ಶಕ್ತಿ ಅದಕ್ಕೆ ಇರಲಿಲ್ಲ.

ಮೂರನೆಯ ಉಪಾಯದ ಬಗ್ಗೆ ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ. ಪ್ರೊಪೇನ್ ಮತ್ತು ಐಸೊಬ್ಯುಟೇನ್ ಬೆರೆಸಿದ ಹೈಡ್ರೊಕಾರ್ಬನ್ ಗ್ಯಾಸ್ ತುಂಬಿದರೆ ಏನನ್ನೂ ಬದಲಾಯಿಸಬೇಕಿಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಆರ್-134ಎಯನ್ನು ಪೂರ್ತಿ ಎಳೆಸಿ 330 ಗ್ರಾಂ ತುಂಬಿಸಿದೆ. ಈ ಗ್ಯಾಸ್ ಬಹಳ ಹಗುರ, ಅಷ್ಟೇ ಸಾಕು. ಫಲ ಸುಳ್ಳಲ್ಲ. ನಿಂತಾಗ 12, ಓಡುವಾಗ 8, ಹೈ ಸೈಡ್ 205. ಹಳೆಯ ಕಂಡೆನ್ಸರ್, ಹಳೆಯ ಫ್ಯಾನ್, ಆದರೂ ಈ ತಂಪು. ಅಮ್ಮ ಶಾಲು ಕೇಳಿದಳು.

ಆ ರಾತ್ರಿ ನೋಟ್‌ಬುಕ್ ತೆರೆದು ಒಂದು ಲೆಕ್ಕ ಮಾಡಿದೆ. 330 ಗ್ರಾಂ ಹೈಡ್ರೊಕಾರ್ಬನ್ ಸೋರಿ ಹರಡಿದರೆ ಸುಮಾರು 160 ಲೀಟರ್ ಅನಿಲವಾಗುತ್ತದೆ. ಕಾರಿನ ಒಳಗಿನ ಜಾಗ ಹೆಚ್ಚೆಂದರೆ 3,000 ಲೀಟರ್. ಅಂದರೆ ನೂರಕ್ಕೆ ಐದು ಭಾಗ. ಪ್ರೊಪೇನ್ ಹತ್ತಿಕೊಳ್ಳಲು ಗಾಳಿಯಲ್ಲಿ ನೂರಕ್ಕೆ ಎರಡು ಭಾಗ ಇದ್ದರೆ ಸಾಕು. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಒಳಗೆ, ನಮ್ಮ ಮೊಣಕಾಲಿನ ಮುಂದೆ. ಹಳೆಯ ಕಾಯಿಲ್ ತೂತಾಗುವುದು ಅಪರೂಪವೂ ಅಲ್ಲ. ಬ್ಲೋವರ್ ಮೋಟಾರಿನ ಒಂದು ಕಿಡಿ ಸಾಕು. ಮುಚ್ಚಿದ ಕಾರಿನೊಳಗೆ ಹೆತ್ತವಳನ್ನು ಕೂರಿಸಿಕೊಂಡು ಓಡಾಡುವುದು ನನ್ನಿಂದ ಆಗದು ಎನಿಸಿತು. ಮಾರನೆಯ ದಿನವೇ ತೆಗೆಸಿದೆ. ಬೆಂಕಿ ಹತ್ತುವ ಗ್ಯಾಸಿಗೆಂದೇ ರೂಪಿಸಿದ ಯಂತ್ರಗಳು ಬೇರೆ ಇವೆ. ಆರ್-12ಕ್ಕೆ ಮಾಡಿದ ಕಾರು ಅಂಥದ್ದಲ್ಲ. ಅಮೆರಿಕದಲ್ಲಿ ಆರ್-12ರ ಕಾರಿಗೆ ಇದನ್ನು ತುಂಬುವುದನ್ನು ನಿಯಮವೇ ನಿಷೇಧಿಸಿದೆ. ತಂಪಿನ ಅಂಕಿಯಲ್ಲಿ ಇದು ಆವರೆಗಿನ ಉಪಾಯಗಳನ್ನೆಲ್ಲ ಸೋಲಿಸಿತ್ತು, ಆದರೂ ನಾನು ಯಾರಿಗೂ ಇದನ್ನು ಹೇಳಲಾರೆ. ತೆಗೆಸುವವರು ಒಳಗೆ ಇರುವುದು ಇದೇ ಗ್ಯಾಸ್ ಎಂದು ಮೆಕ್ಯಾನಿಕ್‌ಗೆ ಮೊದಲೇ ತಿಳಿಸಬೇಕು. ಆರ್-134ಎ ಎಂದುಕೊಂಡು ಅವರು ಯಂತ್ರ ಜೋಡಿಸಿದರೆ ಯಂತ್ರದಲ್ಲಿರುವ ಗ್ಯಾಸೂ ಕೆಡುತ್ತದೆ, ಅಪಾಯವೂ ಉಂಟು.

ನಾಲ್ಕನೆಯದು ಫ್ಯಾನ್. ಮತ್ತೆ 760 ಗ್ರಾಂ ಆರ್-134ಎ ತುಂಬಿಸಿ, ಕಂಡೆನ್ಸರಿನ ಮುಂದೆ ಒಂದು ಹೆಚ್ಚುವರಿ ವಿದ್ಯುತ್ ಫ್ಯಾನ್ ಕೂರಿಸಿದೆ. ಹೆಚ್ಚಿನ ಫಲ ಕೊಟ್ಟದ್ದು ಫ್ಯಾನ್ ಅಲ್ಲ, ಕಂಡೆನ್ಸರಿನ ಸುತ್ತಲಿನ ಸಂದುಗಳಿಗೆ ತುರುಕಿದ ಸ್ಪಂಜಿನ ಪಟ್ಟಿಗಳು. ಅದಕ್ಕೂ ಮೊದಲು ರೇಡಿಯೇಟರಿನ ಬಿಸಿಗಾಳಿ ಬದಿಗಳಿಂದ ಸುತ್ತಿ ಬಂದು ಮತ್ತೆ ಕಂಡೆನ್ಸರಿನೊಳಗೇ ನುಗ್ಗುತ್ತಿತ್ತು. ಸಂದಿನಲ್ಲಿ ಕೈಯಿಟ್ಟರೆ ಅಂಗೈಗೆ ತಾಗುತ್ತಿತ್ತು. ಫ್ಯಾನ್ ಮಾತ್ರ ಇದ್ದಾಗ ನಿಂತಾಗಿನ ಗಾಳಿ 15.5, ಸ್ಪಂಜು ಸೇರಿಸಿದ ಮೇಲೆ 13.5. ಓಡುವಾಗ ಏನೂ ಬದಲಾಗಲಿಲ್ಲ, ಅದೇ 10. ನಿಂತಾಗ ಮಾತ್ರ ಕಾಡುವ ಕಾರಿಗೆ ಇಷ್ಟೇ ಸಾಕಾಗಬಹುದು. ಸುಲಭದಲ್ಲಿ ಆಗುವ ಕೆಲಸಗಳಲ್ಲಿ ನನ್ನ ಮೊದಲ ಆಯ್ಕೆ ಈ ಸ್ಪಂಜು.

ಕೊನೆಗೆ ಕಂಡೆನ್ಸರನ್ನೇ ಬದಲಾಯಿಸಿದೆ. ಪ್ಯಾರಲಲ್ ಫ್ಲೋ ಎನ್ನುವ ಮಾದರಿ: ಎರಡು ಬದಿಯ ಕಂಬಗಳ ನಡುವೆ ಚಪ್ಪಟೆ ಕೊಳವೆಗಳು ಸಾಲಾಗಿ ಮಲಗಿರುತ್ತವೆ, ಗ್ಯಾಸ್ ಹಲವು ದಾರಿಗಳಲ್ಲಿ ಒಮ್ಮೆಗೇ ಹಾಯುತ್ತದೆ. ಅಗಲ ಉದ್ದ ಹಳೆಯದರಷ್ಟೇ, ಬಿಸಿ ಕಕ್ಕುವ ಶಕ್ತಿ ಬಹಳ ಹೆಚ್ಚು. ಅದನ್ನು ಕೂರಿಸಲು ಎರಡು ಹೊಸ ಪಟ್ಟಿ ಬೆಸೆಯಬೇಕಾಯಿತು, ಒಂದು ಹೋಸಿನ ತುದಿ ಬದಲಾಯಿತು, ಇಡೀ ದಿನ ಹಿಡಿಯಿತು. ಒಳಗಿನ ಜಾಗ ಕಡಿಮೆಯಾದ್ದರಿಂದ 760 ಗ್ರಾಂ ಈಗ ಹೆಚ್ಚಾಗುತ್ತಿತ್ತು. ಮತ್ತೆ ಕೆಳಗಿನಿಂದ ಶುರುಮಾಡಿ 660ಕ್ಕೆ ನಿಲ್ಲಿಸಿದೆವು. ಇದನ್ನು ಮರೆತರೆ ಹೊಸ ಕಂಡೆನ್ಸರ್ ಹಾಕಿಯೂ ಮೊದಲ ದಿನದ ತಪ್ಪಿಗೇ ಮರಳುತ್ತೀರಿ. ನಿಂತಾಗ 10, ಓಡುವಾಗ 7.5, ಹೈ ಸೈಡ್ 200. ಹೈಡ್ರೊಕಾರ್ಬನ್ ಕೊಟ್ಟ ತಂಪನ್ನು ಬೆಂಕಿಯ ಭಯವಿಲ್ಲದೆ ದಾಟಿದ್ದೆ.

ಒಂದು ಸಣ್ಣ ಕೊರತೆ ಉಳಿದಿತ್ತು. ಓಡುವಾಗ ಕಂಪ್ರೆಸರ್ ಬೇಗ ಬೇಗ ಬಿಡುತ್ತಿತ್ತು. ಲೋ ಸೈಡಿನ ಸ್ವಿಚ್ಚು ಆರ್-12ಕ್ಕೆ ಹೊಂದಿಸಿದ್ದು, 25 ಪಿಎಸ್‌ಐಗೆ ಇಳಿದ ಕೂಡಲೇ ಕಂಪ್ರೆಸರ್ ನಿಲ್ಲಿಸುತ್ತದೆ. ಆ ಒತ್ತಡದಲ್ಲಿ ಆರ್-12 ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿರುತ್ತದೆ, ಆರ್-134ಎ ಎರಡೇ ಡಿಗ್ರಿ. ಕಾಯಿಲ್ ತಣ್ಣಗಾಗುವ ಮೊದಲೇ ಆಟ ಮುಗಿಯುತ್ತಿತ್ತು. ಪ್ಲಗ್ಗಿನ ಒಳಗಿರುವ ಚಿಕ್ಕ ತಿರುಪನ್ನು ಕಾಲು ಸುತ್ತು ತಿರುಗಿಸಿ 22ಕ್ಕೆ ತಂದೆ. ಓಡುವಾಗಿನ ಗಾಳಿ 6ಕ್ಕೆ ಇಳಿಯಿತು. ಇದಕ್ಕಿಂತ ಹೆಚ್ಚು ತಿರುಗಿಸಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯೇ ಬರುವುದಿಲ್ಲ, ಎಚ್ಚರಿಕೆ ಇರಲಿ.

ಬಾನೆಟ್ ಒಳಗಿನ ಹಳೆಯ ಚೀಟಿಯ ಪಕ್ಕದಲ್ಲಿ ಈಗ ಹೊಸದೊಂದನ್ನು ಅಂಟಿಸಿದ್ದೇನೆ: ‘ಆರ್-134ಎ, 660 ಗ್ರಾಂ, ಎಸ್ಟರ್ ಆಯಿಲ್’. ಹೋಸ್‌ಗಳು ಮಾತ್ರ ಇನ್ನೂ ಆರ್-12ರ ಕಾಲದ ಬರೀ ರಬ್ಬರಿನವು, ಒಳಪದರ ಇಲ್ಲದವು. ಅವುಗಳ ಮೂಲಕ ಸಣ್ಣ ಅಣುಗಳ ಈ ಗ್ಯಾಸ್ ಮೆಲ್ಲಗೆ ಜಿನುಗುತ್ತದೆ. ಮುಂದಿನ ಬೇಸಿಗೆಗೆ ಮೊದಲು ಗ್ಯಾಸನ್ನು ಎಳೆಸಿ ಮತ್ತೆ ತೂಗಿಸುತ್ತೇನೆ. 660ರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ನೋಡಿ ಹೋಸ್‌ಗಳ ವಿಷಯ ತೀರ್ಮಾನಿಸುತ್ತೇನೆ.