ಸೂಜಿಗೆ ನಾಲ್ಕೂವರೆ ಸ್ಟಾರ್, ಮಾತಿಗೆ ಎರಡೇ

ಕೊಡಗಿನ ತಂಗಾಳಿ ಪ್ರವಾಸಿಗಳಿಗೆ ಚೆಂದ. ನನಗೆ ಮಾತ್ರ ಎರಡು ವರ್ಷ ಅದೇ ಶತ್ರು. ಸೋಮವಾರಪೇಟೆ ಹತ್ತಿರ ನಮ್ಮ ತೋಟ. ಡಿಸೆಂಬರ್‌ನಲ್ಲಿ ಕಣದಲ್ಲಿ ಕಾಫಿ ಹರಡುವಾಗ ಗಾಳಿ ಎಡಗೆನ್ನೆಗೆ ತಾಗಿದರೆ ಸಾಕು, ಕರೆಂಟ್ ಹೊಡೆದ ಹಾಗೆ. ಕೆಲವೇ ಸೆಕೆಂಡು. ಅಷ್ಟರಲ್ಲಿ ಕೈಲಿದ್ದದ್ದು ನೆಲಕ್ಕೆ.

ಹಲ್ಲುನೋವು ಅಂದುಕೊಂಡೆ. ಒಬ್ಬ ದಂತವೈದ್ಯರೂ ಹಾಗೇ ಅಂದುಕೊಂಡರು. ಎರಡು ದವಡೆ ಹಲ್ಲು ಹೋದವು, ನೋವು ಹೋಗಲಿಲ್ಲ. ಕೊನೆಗೆ ಹೆಸರು ಸಿಕ್ಕಿತು: ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖದ ನರದ ಕಾಯಿಲೆ. ಕಾರ್ಬಮಜೆಪಿನ್ ಮಾತ್ರೆ ಮೊದಮೊದಲು ಚೆನ್ನಾಗಿ ಕೆಲಸ ಮಾಡಿತು. ಡೋಸ್ ಏರಿದ ಹಾಗೆ ತಲೆ ತೂಗತೊಡಗಿತು, ರಕ್ತದಲ್ಲಿ ಸೋಡಿಯಂ ಇಳಿಯಿತು. ಮೆಣಸಿನ ಏಣಿ ಮುಟ್ಟಲೂ ಮನೆಯವಳು ಬಿಡಲಿಲ್ಲ.

ಮೈಸೂರಿನ ಒಂದು ಆಸ್ಪತ್ರೆಗೆ ಹೋದೆವು. ಹುಣಸೂರು ರಸ್ತೆಯ ಒಂದೊಂದು ಹಂಪ್‌ಗೂ ನನ್ನ ಕೆನ್ನೆ ಲೆಕ್ಕ ಇಟ್ಟಿದೆ! ಎಂಆರ್‌ಐ ಆಯಿತು. ಕಿವಿಯ ಹಿಂದೆ ತಲೆಬುರುಡೆ ತೆರೆದು, ನರವನ್ನು ಒತ್ತುವ ರಕ್ತನಾಳವನ್ನು ಸರಿಸುವ ಆಪರೇಷನ್ ಇದೆ, ಅದರ ಗುಣ ಜಾಸ್ತಿ ದಿನ ಉಳಿಯುತ್ತದೆ ಅಂದರು. ನನಗೆ 68, ಉಬ್ಬಸ ಬೇರೆ. ಇನ್ನೊಂದು ದಾರಿ, ಸೂಜಿ ಚುಚ್ಚಿ ನೋವಿನ ನರವನ್ನು ಬಿಸಿಯಿಂದ ಸುಡುವುದು. ಸೂಜಿಯೇ ಸಾಕು ಅಂದೆ.

ಬಾಯಿಯ ಮೂಲೆಯ ಪಕ್ಕದಲ್ಲಿ, ಕೆನ್ನೆಯಿಂದ ಸೂಜಿ ಒಳಗೆ ಹೋಗುತ್ತದೆ. ತಲೆಬುರುಡೆಯ ತಳದಲ್ಲಿರುವ ಒಂದು ಪುಟ್ಟ ರಂಧ್ರದ ಮೂಲಕ ನರದ ಗಂಟಿನವರೆಗೆ. ಎಕ್ಸ್‌ರೇ ನೋಡುತ್ತಾ ದಾರಿ ಹಿಡಿಯುತ್ತಾರೆ. ಚುಚ್ಚುವಾಗ ನಿದ್ದೆ ಬರಿಸಿದ್ದರು, ಆಮೇಲೆ ಎಬ್ಬಿಸಿದರು. ಸಣ್ಣ ಕರೆಂಟ್ ಬಿಟ್ಟು "ಎಲ್ಲಿ ಜುಮ್ಮೆನ್ನುತ್ತದೆ?" ಎಂದು ಕೇಳಿದರು. ಮೊದಲು ಮೂಗಿನ ಪಕ್ಕ. ಸೂಜಿ ಸ್ವಲ್ಪ ಸರಿಸಿದರು. ಈಗ ಕೆಳದವಡೆ. "ಅಲ್ಲೇ ಸ್ವಾಮಿ, ಅಲ್ಲೇ!" ಅಂದೆ. ಕಳ್ಳನನ್ನು ತೋರಿಸಿಕೊಟ್ಟ ಖುಷಿ. ಮತ್ತೆ ನಿದ್ದೆ. 70 ಡಿಗ್ರಿ ಬಿಸಿ, ಒಂದು ನಿಮಿಷದಷ್ಟು ಹೊತ್ತು ಎಂದು ಆಮೇಲೆ ಹೇಳಿದರು. ಹೊಲಿಗೆ ಇಲ್ಲ, ಒಂದು ಚುಕ್ಕೆ ಅಷ್ಟೇ. ಮರುದಿನ ಮನೆಗೆ.

ಅರ್ಧ ಸ್ಟಾರ್ ಕಡಿಮೆ ಯಾಕೆಂದರೆ ತುಟಿಯ ಎಡಭಾಗ ಮರಗಟ್ಟಿದೆ. ಕಾಫಿ ಸೋರಿದರೂ ಗೊತ್ತಾಗುವುದಿಲ್ಲ, ಮೊಮ್ಮಗಳು ಟವೆಲ್ ಕೊಡುತ್ತಾಳೆ. ನೋವಿಗೆ ಹೋಲಿಸಿದರೆ ಇದೇನೂ ಅಲ್ಲ. ಆದರೆ ಈ ಚಿಕಿತ್ಸೆಯಲ್ಲಿ ಮರಗಟ್ಟುವುದು ಮಾಮೂಲು, ನೋವು ಕೆಲವು ವರ್ಷಕ್ಕೆ ಮರಳಿ ಬರಲೂಬಹುದು ಎನ್ನುವುದು ನನಗೆ ಗೊತ್ತಾಗಿದ್ದು ಡಿಸ್ಚಾರ್ಜ್ ದಿನ. ಸಹಿ ಹಾಕಿಸಿಕೊಂಡ ಕಾಗದ ಪೂರ್ತಿ ಇಂಗ್ಲಿಷ್. ಒಂದು ಪುಟ ಕನ್ನಡದಲ್ಲಿ ಬರೆದುಕೊಟ್ಟರೆ ಏನು ಕಷ್ಟ? ಯಂತ್ರ ಸುಧಾರಿಸಿದೆ, ಇದೂ ಸುಧಾರಿಸಲಿ. ಬಲೂನ್ ಉಬ್ಬಿಸಿ ನರವನ್ನು ಒತ್ತುವ ಇನ್ನೊಂದು ವಿಧಾನವೂ ಇದೆಯಂತೆ. ಅದರ ಸುದ್ದಿ ಹೇಳಿದ್ದು ಪಕ್ಕದ ಹಾಸಿಗೆಯವರು, ಡಾಕ್ಟರಲ್ಲ.

ನೋವು ಮರಳಿದರೆ ಮತ್ತೆ ಅಲ್ಲಿಗೇ ಹೋಗುತ್ತೇನೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು. ಸದ್ಯಕ್ಕೆ ಎರಡು ವರ್ಷದ ಮೇಲೆ ಎಡಗೆನ್ನೆಗೂ ಶೇವಿಂಗ್ ನಡೆದಿದೆ.