ಸೆಕೆಂಡ್ ಹ್ಯಾಂಡ್ ಚಾನೆಲ್ ಸ್ಟ್ರಿಪ್ ಕೊಳ್ಳುವ ಮುಂಚೆ ಸ್ನೇರ್ ಡ್ರಮ್ ಬಾರಿಸಿ ನೋಡಿ

ರಾಕ್ ರೆಕಾರ್ಡಿಂಗ್‌ಗೆ ಎರಡನೇ ಪ್ರೀಆಂಪ್ (ಮೈಕ್‌ನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಸಾಧನ) ಹುಡುಕುತ್ತಿರುವವರು ಹಣ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್‌ನ ಪ್ರೀಆಂಪ್‌ಗಳು ತೀರಾ ಸಪ್ಪೆ, ಡ್ರಮ್ಸ್‌ಗೂ ಗಿಟಾರ್‌ಗೂ ಸ್ವಲ್ಪ ಖಾರ ಇರಲಿ ಅಂತ ಒಂದು ಹಳೆಯ ಟ್ಯೂಬ್ ಚಾನೆಲ್ ಸ್ಟ್ರಿಪ್ ತರಿಸಿದ್ದೆ. ಪ್ರೀಆಂಪ್, ದನಿಯ ಬಣ್ಣ ತಿದ್ದುವ ಇಕ್ಯೂ, ಏರಿಳಿತ ತಗ್ಗಿಸುವ ಕಂಪ್ರೆಸರ್ ಮೂರೂ ಒಂದೇ ಪೆಟ್ಟಿಗೆಯಲ್ಲಿ. ‘ಫುಲ್ ಸರ್ವೀಸ್ ಆಗಿದೆ, 20 ಡಿಬಿ ಪ್ಯಾಡ್, 48 ವೋಲ್ಟ್ ಫ್ಯಾಂಟಮ್, ಎಲ್ಲಾ ಪಕ್ಕಾ’ ಅಂತ ಮಾರಿದವರು ಬರೆದಿದ್ದರು. (ಪ್ಯಾಡ್ ಅಂದರೆ ಜೋರಾದ ಸಿಗ್ನಲ್ ಕುಗ್ಗಿಸುವ ಸ್ವಿಚ್, ಫ್ಯಾಂಟಮ್ ಅಂದರೆ ಕಂಡೆನ್ಸರ್ ಮೈಕ್‌ಗೆ ಕೇಬಲ್ ಮೂಲಕವೇ ಹೋಗುವ ವಿದ್ಯುತ್.) ಜೊತೆಗೊಂದು ಡೆಮೊ ಕ್ಲಿಪ್, ಮೆಲ್ಲಗೆ ಹಾಡುವ ಒಂದು ದನಿ. ಚೆನ್ನಾಗಿಯೇ ಇತ್ತು.

ಮೆಲುದನಿಯಲ್ಲಿ ಯಾವ ಪ್ರೀಆಂಪಿನ ಬಂಡವಾಳವೂ ಬಯಲಾಗುವುದಿಲ್ಲ.

ಸ್ನೇರ್‌ಗೆ ಕಂಡೆನ್ಸರ್ ಮೈಕ್ ಹತ್ತಿರ ಇಟ್ಟು ಬಾರಿಸಿದಾಗ ಪ್ರತಿ ಪೆಟ್ಟೂ ‘ಚರ್’ ಅಂತ ಒಡೆಯಿತು. ಸ್ಕ್ರೀನ್ ಮೇಲಿನ ಮೀಟರ್ ಮಾತ್ರ ಮೈನಸ್ 12 ಡಿಬಿಯ ಆಸುಪಾಸಿನಲ್ಲಿ (ಮಿತಿ 0) ನಿರಾಳವಾಗಿತ್ತು. ಔಟ್‌ಪುಟ್ ನಾಬ್ ಇಳಿಸಿದರೆ ಶಬ್ದ ಕಡಿಮೆಯಾಯಿತು, ಒಡಕು ಹಾಗೇ ಉಳಿಯಿತು. ಅಂದರೆ ಸಿಗ್ನಲ್ ಒಳಗೆಲ್ಲೋ ಮೊದಲ ಹಂತದಲ್ಲೇ ಕ್ಲಿಪ್ ಆಗುತ್ತಿದೆ, ಮಿತಿ ಮೀರಿ ಒಡೆಯುತ್ತಿದೆ. ಪ್ಯಾಡ್ ಒತ್ತಿದೆ. ಕೆಂಪು ದೀಪ ಹತ್ತಿತು. ಲೆವೆಲ್ ಒಂದು ಡಿಬಿಯೂ ಇಳಿಯಲಿಲ್ಲ!

ರಾಕ್‌ಗೆ ಪ್ಯಾಡ್ ಯಾಕೆ ಇಷ್ಟು ಮುಖ್ಯ ಅನ್ನುವವರಿಗೆ ಸ್ವಲ್ಪ ಲೆಕ್ಕ. 94 ಡಿಬಿ ಶಬ್ದ ಅಂದರೆ 1 ಪಾಸ್ಕಲ್ ಒತ್ತಡ. 134 ಡಿಬಿ ಅಂದರೆ ಅದರ ನೂರರಷ್ಟು. ಪಾಸ್ಕಲ್‌ಗೆ 20 ಮಿಲಿವೋಲ್ಟ್ ಕೊಡುವ ಕಂಡೆನ್ಸರ್ ಅಂಥ ಪೆಟ್ಟಿಗೆ 2 ವೋಲ್ಟ್ ಉಗುಳುತ್ತದೆ. ಸ್ಟುಡಿಯೋ ಸಾಧನಗಳ ನಡುವೆ ಓಡುವ ಲೈನ್ ಲೆವೆಲ್ಲೇ (+4 dBu) ಸುಮಾರು 1.23 ವೋಲ್ಟ್, ಮೈಕ್ ಅದನ್ನೂ ದಾಟಿತು. ಈ ಯೂನಿಟ್‌ನಲ್ಲಿ ಗೇನ್ ಪೂರ್ತಿ ಇಳಿಸಿದರೂ 20 ಡಿಬಿ, ಅಂದರೆ ಹತ್ತು ಪಟ್ಟು, ಉಳಿದೇ ಇರುತ್ತದೆ. 2 ವೋಲ್ಟ್ 20 ವೋಲ್ಟ್ ಆಗಬೇಕು, ಎಲ್ಲಿಂದ ಸಾಧ್ಯ? ಅದೇ ಜಾಗದಲ್ಲಿ ಎಸ್‌ಎಂ57 ಡೈನಾಮಿಕ್ ಮೈಕ್ ಇಟ್ಟರೆ ಪಾಸ್ಕಲ್‌ಗೆ 2 ಮಿಲಿವೋಲ್ಟೂ ಬರಲ್ಲ, ಹಾಗಾಗಿ ಪ್ಯಾಡ್ ಸತ್ತಿರುವುದು ಗೊತ್ತೇ ಆಗುವುದಿಲ್ಲ.

ರಿಪೇರಿಯವರು ಮುಚ್ಚಳ ತೆಗೆದರು. ಪ್ಯಾಡ್‌ನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಳಾಗಿತ್ತು, ಯಾರೋ ಅದನ್ನು ಬದಲಿಸುವ ಬದಲು ಅಡ್ಡಲಾಗಿ ಒಂದು ತುಂಡು ವೈರ್ ಬೆಸುಗೆ ಹಾಕಿ ಕೈತೊಳೆದುಕೊಂಡಿದ್ದರು. ಫ್ಯಾಂಟಮ್ 31 ವೋಲ್ಟ್. ಇನ್ನು ಗಾಜಿನ ಕಿಟಕಿಯಲ್ಲಿ ಕೆಂಪಗೆ ಹೊಳೆಯುವ ಆ ಟ್ಯೂಬ್? ಹೊಳಪು ಹಿಂದಿನ ಎಲ್‌ಇಡಿಯದ್ದು. ಈ 12ಎಎಕ್ಸ್7 ಟ್ಯೂಬ್‌ನ ಡೇಟಾಶೀಟ್‌ನಲ್ಲಿ ಪ್ಲೇಟ್‌ಗೆ (ಒಳಗಿನ ಔಟ್‌ಪುಟ್ ತಗಡು) 100 ಮತ್ತು 250 ವೋಲ್ಟ್‌ನ ಲೆಕ್ಕ ಕೊಟ್ಟಿರುತ್ತಾರೆ, ಇಲ್ಲಿ ಅದರ ಅರ್ಧವೂ ಇರಲಿಲ್ಲ. (ಕಡಿಮೆ ವೋಲ್ಟೇಜಿನ ಟ್ಯೂಬ್ ಕೆಟ್ಟದ್ದೇ ಅಂತಲ್ಲ, ಬೇಕೆಂದೇ ಒಡೆಸುವ ಫಜ್ ದನಿಗೆ ಮಜವಾಗಿರುತ್ತೆ. ಆದರೆ ‘ಸ್ಟುಡಿಯೋ ವಾರ್ಮ್ತ್’ ಅಂತ ಮಾರಬಾರದು.)

ಮಾರಿದವರಿಗೆ ಫೋಟೋ ಸಮೇತ ಕಳಿಸಿದೆ. ಮೊದಲು ‘ಅದು ವಿಂಟೇಜ್ ಕ್ಯಾರೆಕ್ಟರ್’ ಅಂದರು. ಆಮೇಲೆ ‘ಮುಚ್ಚಳ ತೆಗೆಸಿದ್ದೀರಿ, ವಾಪಸ್ ತಗೊಳ್ಳಲ್ಲ’. ಅಲ್ಲಿಗೆ ಮಾತು ಮುಗಿಯಿತು.

ಹಾಗಾಗಿ ಡೆಮೊ ಕೇಳುವುದಾದರೆ ಸ್ನೇರ್, ಕಿಕ್ ಅಥವಾ ಜೋರಾದ ಗಿಟಾರ್ ಆಂಪ್‌ನದ್ದೇ ಕೇಳಿ, ಪ್ಯಾಡ್ ಹಾಕಿ ತೆಗೆಯುವುದು ಅದರಲ್ಲೇ ಕೇಳಿಸಬೇಕು. ಮಲ್ಟಿಮೀಟರ್ ಇದ್ದರೆ ಫ್ಯಾಂಟಮ್ ಆನ್ ಮಾಡಿ, ಮೈಕ್ ಹಾಕದೆ ಎಕ್ಸ್‌ಎಲ್‌ಆರ್‌ನ (ಮೂರು ಪಿನ್ನಿನ ಮೈಕ್ ಸಾಕೆಟ್) 1 ಮತ್ತು 2ನೇ ಪಿನ್ ನಡುವೆ ಅಳೆಯಿರಿ, ಆಮೇಲೆ 1 ಮತ್ತು 3. ಎರಡೂ ಕಡೆ 44ರಿಂದ 52 ವೋಲ್ಟ್ ಒಳಗಿರಬೇಕು. ಕಂಪ್ರೆಸರ್ ಪೂರ್ತಿ ಬೈಪಾಸ್ ಆಗುತ್ತದಾ ಅಂತಲೂ ಕೇಳಿ, ರೆಕಾರ್ಡ್ ಆದಮೇಲೆ ಅದನ್ನು ಬಿಡಿಸಲಾಗದು. ರಾಕ್‌ನವರೆಲ್ಲ ಜಪಿಸುವ ನೀವ್ ಕಂಪನಿಯ 1073 ಪ್ರೀಆಂಪ್‌ನಲ್ಲಿ ಕಂಪ್ರೆಸರೇ ಇಲ್ಲ, ಇರುವ ಇಕ್ಯೂವನ್ನೂ ಒಂದು ಬಟನ್‌ನಲ್ಲಿ ಆಚೆ ಇಡಬಹುದು. ಡ್ರಮ್ಸ್ ಮೇಲೆ ಜೋಡಿಯಾಗಿ ತೂಗುವ ಓವರ್‌ಹೆಡ್ ಮೈಕ್‌ಗಳಿಗೆ ಬೇಕಿದ್ದರೆ ಒಂಟಿ ಚಾನೆಲ್ ಸ್ಟ್ರಿಪ್‌ನ ಸಹವಾಸವೇ ಬೇಡ, ಜೋಡಿ ಪ್ರೀಆಂಪ್ ನೋಡಿ.

ಒಡಕು ಕೇಳಿಸಿದ ತಕ್ಷಣ ಜಗಳಕ್ಕೆ ಇಳಿಯುವ ಮುಂಚೆ ಕೇಬಲ್ ಕೂಡ ನೋಡಿಕೊಳ್ಳಿ: ಬಹಳಷ್ಟು ಇಂಟರ್‌ಫೇಸ್‌ಗಳ ಕಾಂಬೋ ಜ್ಯಾಕ್‌ನಲ್ಲಿ (ಎರಡೂ ಬಗೆಯ ಪ್ಲಗ್ ಹಿಡಿಯುವ ಕಿಂಡಿ) ಎಕ್ಸ್‌ಎಲ್‌ಆರ್ ಚುಚ್ಚಿದರೆ ಸಿಗ್ನಲ್ ಮತ್ತೆ ಮೈಕ್ ಪ್ರೀಆಂಪ್‌ಗೇ ಹೋಗುತ್ತದೆ. ಸ್ಟ್ರಿಪ್‌ನ ಔಟ್‌ಪುಟ್ ಟಿಆರ್‌ಎಸ್ ಕೇಬಲ್‌ನಲ್ಲಿ (ಹೆಡ್‌ಫೋನ್ ಪ್ಲಗ್‌ನಂಥ ದಪ್ಪ ಜ್ಯಾಕ್) ಲೈನ್ ಇನ್‌ಪುಟ್‌ಗೆ ಹೋಗಲಿ.