ನಿಮ್ಮ ಕ್ಯಾಮೆರಾಕ್ಕೇ ಹಾಕಿ ನೋಡದೆ ಹಳೇ 85 ಎಂಎಂ ಲೆನ್ಸ್ ತಗೋಬೇಡಿ

ನಾಯಿ ಫೋಟೋ ತೆಗೆಯೋಕೆ ಅಂತ ಸೆಕೆಂಡ್ ಹ್ಯಾಂಡ್ 85 ಎಂಎಂ ಲೆನ್ಸ್ ಹುಡುಕ್ತಿದ್ದೀರಾ? ದುಡ್ಡು ಕೊಡೋ ಮುಂಚೆ ನನ್ನ ಕಥೆ ಓದಿ.

ನನ್ನದು ನಿಕಾನ್ ಡಿ 5600, ಜೊತೆಗೆ ಬಂದ 18-55 ಎಂಎಂ ಝೂಮ್ ಲೆನ್ಸ್. ಅದನ್ನು 18ಕ್ಕೆ, ಅಂದರೆ ಅತಿ ಅಗಲ ನೋಟಕ್ಕೆ, ಇಟ್ಟು ನಾಯಿಯ ಹತ್ತಿರ ಹೋದರೆ ಮೂಗು ಬದನೆಕಾಯಿ, ಕಿವಿ ಎಲ್ಲೋ ಹಿಂದೆ. ಮುಧೋಳದ ಕಡೆ ಪರಿಚಯದ ಕಾಕಾ ಒಬ್ಬರ ಮನೆಯಲ್ಲಿ ಮುಧೋಳ ನಾಯಿ ಇದೆ. ಆ ಉದ್ದ ಮೂತಿಗೆ ಈ ಲೆನ್ಸಿನಿಂದ ಇನ್ನೂ ಅನ್ಯಾಯ. ಪೋರ್ಟ್ರೇಟ್ (ಮುಖದ ಚಿತ್ರ) ಅಂದರೆ 85 ಅಂತ ಎಲ್ಲರೂ ಹೇಳ್ತಾರಲ್ಲ, ನಾನೂ ನಂಬಿದೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಎಎಫ್ (ಆಟೋಫೋಕಸ್) 85 ಎಂಎಂ ಎಫ್ 1.8 ಡಿ ಅನ್ನೋ ಲೆನ್ಸ್ ಸಿಕ್ಕಿತು, 17,000 ರೂಪಾಯಿಗೆ. ನಾನು ಕ್ಯಾಮೆರಾ ಒಯ್ದಿರಲಿಲ್ಲ. ಅಂಗಡಿಯವರು ತಮ್ಮ ಡಿ 7200ಕ್ಕೆ ಸಿಕ್ಕಿಸಿ ಒತ್ತಿದರು. ಗರ್ರ್ ಅಂತ ತಿರುಗಿ ಫೋಕಸ್ ನಿಂತಿತು. "ನಂದು 5600, ಆಗುತ್ತಾ?" ಅಂದೆ. "ನಿಕಾನ್‌ಗೆ ನಿಕಾನ್ ಆಗದೆ ಇರುತ್ತಾ ಸರ್?" ಅಂದರು. ಬಿಲ್ಲಿನ ಕೆಳಗೆ ಅದೇ ಹಳೇ ಸಾಲು: ಮಾರಿದ ಮಾಲು ವಾಪಸ್ ಇಲ್ಲ.

ಮನೆಗೆ ಬಂದು ಹಾಕಿದರೆ ಮೊದಲು ಎಫ್ ಇಇ ಅಂತ ಎರರ್. ಲೆನ್ಸಿನ ಅಪರ್ಚರ್ (ಬೆಳಕು ಬಿಡೋ ಕಿಂಡಿ) ಬಳೆಯನ್ನು ಕೊನೆಯ ಅಂಕಿ 16ಕ್ಕೆ ತಿರುಗಿಸಿ ಲಾಕ್ ಮಾಡಿದ ಮೇಲೆ ಅದು ಹೋಯಿತು. ಫೋಕಸ್ ಮಾತ್ರ ಅಲ್ಲಾಡಲಿಲ್ಲ. ಎಷ್ಟು ಒತ್ತಿದರೂ ಸದ್ದೇ ಇಲ್ಲ.

ವಿಷಯ ಇಷ್ಟೇ. ಈ ಲೆನ್ಸಿನೊಳಗೆ ಮೋಟಾರ್ ಇಲ್ಲ. ಕ್ಯಾಮೆರಾದೊಳಗಿನ ಮೋಟಾರೇ ಅದನ್ನು ತಿರುಗಿಸಬೇಕು. ಡಿ 7200ರ ಮೌಂಟ್ (ಲೆನ್ಸ್ ಕೂರುವ ಬಾಯಿ) ನೋಡಿದರೆ ಸ್ಕ್ರೂಡ್ರೈವರ್ ತುದಿಯಂಥದ್ದೊಂದು ಸಣ್ಣ ಕಡ್ಡಿ ಚಾಚಿಕೊಂಡಿರುತ್ತೆ, ಲೆನ್ಸಿನ ಹಿಂಬದಿಯಲ್ಲಿ ಅದಕ್ಕೆ ಕೂರುವ ಸೀಳು. ನನ್ನದೂ ಸೇರಿ ನಿಕಾನ್ ಡಿ 3000 ಮತ್ತು ಡಿ 5000 ಸರಣಿಯ ಕ್ಯಾಮೆರಾಗಳಲ್ಲಿ ಆ ಕಡ್ಡಿಯೇ ಇಲ್ಲ. ನಿಕಾನ್‌ನ ಝಡ್ ಮಿರರ್‌ಲೆಸ್ ಕ್ಯಾಮೆರಾಗೆ ಇಂಥ ಲೆನ್ಸ್ ಸಿಕ್ಕಿಸೋಕೆ ಬರೋ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ, ಅದನ್ನು ಇಟ್ಟುಕೊಂಡವರೂ ಹುಷಾರು. ಲೆನ್ಸಿನ ಮೇಲೆ ಬರೀ ಎಎಫ್ ಅಂತಿದ್ದರೆ ನಿಲ್ಲಿ, ಎಎಫ್-ಎಸ್ ಅಂತಿದ್ದರೆ ಒಳಗೆ ಮೋಟಾರ್ ಇದೆ. 2012ರಲ್ಲಿ ಬಂದ 85 ಎಫ್ 1.8 ಜಿ ಹಾಗಿನದು. ನನಗೆ ಒಂದಕ್ಷರದ ವ್ಯತ್ಯಾಸ ತಿಳಿದಿದ್ದರೆ ಸಾಕಿತ್ತು.

ಕೈಯಲ್ಲೇ ಫೋಕಸ್ ಮಾಡಿದರಾಯ್ತು ಅಂತ ಮುಧೋಳಕ್ಕೆ ಹೋದೆ. ಕಾಕಾ ಉತ್ಸಾಹದಲ್ಲಿದ್ದರು. "2005ರಾಗ ನಮ್ ನಾಯಿ ಅಂಚೆ ಚೀಟಿ ಮ್ಯಾಲೆ ಬಂದಿತ್ರಿ, ನೀವೂ ಹಂಗ ತೆಗೀರಿ!" ಅಂದರು. ಮನುಷ್ಯರಾದರೆ "ಅಲ್ಲಾಡಬೇಡಿ" ಅನ್ನಬಹುದು. ನಾಯಿ ಬಾಯಿ ತೆರೆದು ತೇಕುತ್ತಾ ಕೂತರೂ ತಲೆ ಒಂದೇ ಸಮ ಹಿಂದೆ ಮುಂದೆ ಆಗ್ತಿರುತ್ತೆ. ಒಂದೂವರೆ ಮೀಟರ್ ದೂರದಿಂದ ಅಪರ್ಚರ್ ಪೂರ್ತಿ ತೆರೆದು 1.8ರಲ್ಲಿ ತೆಗೆದರೆ ನನ್ನ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬರೋ ಆಳ ಎರಡು ಸೆಂಟಿಮೀಟರ್ ಚಿಲ್ಲರೆ. ಮುಧೋಳ ನಾಯಿಯ ಮೂಗಿನಿಂದ ಕಣ್ಣಿಗೆ ಅದರ ನಾಲ್ಕೈದು ಪಟ್ಟು ದೂರ. ಫೋಕಸ್ ಸರಿಯಾಯ್ತು ಅನ್ನೋ ವ್ಯೂಫೈಂಡರಿನ ಹಸಿರು ಚುಕ್ಕೆ ಹತ್ತಿ, ನಾನು ಬಟನ್ ಒತ್ತುವಷ್ಟರಲ್ಲಿ ಕಣ್ಣು ಆ ಎರಡು ಸೆಂಟಿಮೀಟರಿನ ಆಚೆ. ಹಿಂದೆ ಸರಿದರೆ ನಾಯಿ ಎದ್ದು ನನ್ನ ಹಿಂದೆಯೇ ಬರೋದು.

ಸ್ಕ್ರೀನ್ ಮೇಲೆ ಒಂದನ್ನು ನೋಡಿ ಕಾಕಾ ಕೇಳಿದರು, "ಮೂಗು ಛಲೋ ಬಂದೈತ್ರಿ. ಕಣ್ಣಿಗೇನ್ ಪೊರೆ ಬಂದೈತೇನು?" ಮುನ್ನೂರು ಫೋಟೋದಲ್ಲಿ ಉಳಿದದ್ದು ನಾಲ್ಕು.

ಕೊನೆಗೆ ಮಾರಲು ಹೋದೆ. ಕೊಳ್ಳಲು ಬಂದ ಹುಡುಗ ನನಗಿಂತ ಜಾಣ. ಮೊಬೈಲ್ ಟಾರ್ಚ್ ಹಾಕಿ ಹಿಂದಿನಿಂದ ನೋಡಿ, "ಅಂಕಲ್, ಅಂಚಲ್ಲಿ ಫಂಗಸ್ ಇದೆ" ಅಂದ. ಜೇಡರ ಎಳೆಯ ಹಾಗೆ ತೆಳ್ಳಗೆ, ಹೌದು, ಇತ್ತು. 9,000ಕ್ಕೆ ಕೊಟ್ಟೆ.

ಈಗ ನನ್ನ ಹತ್ತಿರ ಇರೋದು ಎಎಫ್-ಪಿ 70-300 ಎಂಎಂ ಝೂಮ್, ಇದರೊಳಗೂ ಮೋಟಾರ್ ಇದೆ. ಅಗಲ ಅಪರ್ಚರ್ ಇಲ್ಲ, ಸಂಜೆಯಾದರೆ ಪರದಾಟ. ಆದರೆ ಬೆಳಗಿನ ಬಿಸಿಲಲ್ಲಿ ನಾಲ್ಕೈದು ಮೀಟರ್ ದೂರ ಕೂತು 200ರ ಆಸುಪಾಸು ತೆಗೆದರೆ ಹಿನ್ನೆಲೆ ಸಾಕಷ್ಟು ಕರಗುತ್ತೆ, ಫೋಕಸ್ ಸದ್ದಿಲ್ಲದೆ ಹಿಡಿಯುತ್ತೆ. ನಾಯಿ ಸುಮ್ಮನೆ ಕೂತಿದ್ದರೂ ಶಟರ್ ವೇಗ 1/500 ಸೆಕೆಂಡಿಗಿಂತ ಕೆಳಗೆ ಬಿಡಲ್ಲ.

ಇದೂ ಹಳೇದೇ, ಬೇರೆ ಅಂಗಡಿಯದು. ಈ ಸಲ ಕ್ಯಾಮೆರಾ, ಟಾರ್ಚ್ ಎರಡೂ ಒಯ್ದಿದ್ದೆ. ಮೆಟ್ಟಿಲ ಮೇಲೆ ಬೀದಿ ನಾಯಿಯೊಂದು ಮಲಗಿತ್ತು. ಎದುರು ಫುಟ್‌ಪಾತಿಗೆ ಹೋಗಿ ಕೂತು ಅದನ್ನೇ ತೆಗೆದೆ. ಒಂದು ಕಣ್ಣು ಬಿಟ್ಟು ನನ್ನ ನೋಡಿ ಮತ್ತೆ ಮಲಗಿತು. ಆ ಒಂದು ಕಣ್ಣು ರೆಪ್ಪೆ ಸಮೇತ ಬಂದಿದೆ.